ಮಕ್ಕಳ ಕೈಖರ್ಚಿಗೆ ಯುಪಿಐ ಸರ್ಕಲ್: ಮಿತಿ ಎಷ್ಟಿಟ್ಟರೆ ಸರಿ?

ಅಪ್ಪನ ಯುಪಿಐ ಪಿನ್ ಮಗನಿಗೂ ಬಾಯಿಪಾಠವಾಗಿರುವ ಮನೆಗಳಿಗೆ ಯುಪಿಐ ಸರ್ಕಲ್ ಮೊದಲು ಬೇಕು. 2024ರ ಆಗಸ್ಟ್‌ನಲ್ಲಿ ಬಂದ ಈ ಸೌಲಭ್ಯದಲ್ಲಿ ಬ್ಯಾಂಕ್ ಖಾತೆ ಹೆತ್ತವರದು, ಪಾವತಿ ಮಾಡುವ ಫೋನು ಮಕ್ಕಳದು. ಪಿನ್ ಮಾತ್ರ ಯಾರಿಗೂ ಹೇಳಬೇಕಿಲ್ಲ. ಭದ್ರತೆಯ ವಿಷಯದಲ್ಲಿ ಇದಕ್ಕೆ ಪೂರ್ತಿ ಅಂಕ ಕೊಡಬಹುದು. ಕೈಖರ್ಚಿನ ಸಾಧನವಾಗಿ ನೋಡಿದರೆ ಅರ್ಧ ಅಂಕ.

ಸೇರಿಸುವುದು ಸುಲಭ. ಹೆತ್ತವರ ಆ್ಯಪ್‌ನಲ್ಲಿ ಯುಪಿಐ ಸರ್ಕಲ್ ತೆರೆದು, ಮಗುವಿನ ಫೋನಿನ ಕ್ಯೂಆರ್ ಸ್ಕ್ಯಾನ್ ಮಾಡಬೇಕು ಅಥವಾ ಯುಪಿಐ ಐಡಿ ಹಾಕಬೇಕು. ಮಗುವಿನ ನಂಬರ್ ಕಾಂಟ್ಯಾಕ್ಟ್ಸ್‌ನಲ್ಲಿ ಮೊದಲೇ ಸೇವ್ ಆಗಿರಲಿ, ಬಹಳ ಜನ ಸಿಕ್ಕಿಬೀಳುವುದು ಇಲ್ಲೇ. ಆಮೇಲೆ ಮಗುವಿನ ಫೋನಿನಲ್ಲಿ ಒಪ್ಪಿಗೆ ಒತ್ತಬೇಕು. ಆ ಫೋನಿಗೆ ಲಾಕ್ ಕಡ್ಡಾಯ. ವಯಸ್ಸಿನ ಷರತ್ತು ಎಲ್ಲ ಆ್ಯಪ್‌ಗಳಲ್ಲೂ ಒಂದೇ ಅಲ್ಲ, ಅದನ್ನೂ ನೋಡಿಕೊಳ್ಳಿ.

ಇದರಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಮಗು ಮಾಡುವ ಪ್ರತಿ ಪಾವತಿಗೂ ಹೆತ್ತವರು ತಮ್ಮ ಪಿನ್ ಒತ್ತಿ ಒಪ್ಪಬೇಕು. ಹುಡುಗ ಬೇಕರಿ ಮುಂದೆ ಪಫ್ಸ್ ಹಿಡಿದು ನಿಂತಿರುತ್ತಾನೆ, ಅಮ್ಮ ಸ್ಕೂಟರ್ ಓಡಿಸುತ್ತಿರುತ್ತಾರೆ, ಹಿಂದೆ ನಾಲ್ಕು ಜನ ಕಾಯುತ್ತಿರುತ್ತಾರೆ. ತೊಂದರೆ ತಡವಾಗುವುದಷ್ಟೇ ಅಲ್ಲ. ಇಪ್ಪತ್ತು ರೂಪಾಯಿಗೂ ಅಪ್ಪಣೆ ಬೇಕೆಂದರೆ ಅದನ್ನು ಕೈಖರ್ಚು ಎನ್ನಲಾಗದು. ಪುಸ್ತಕ, ಟ್ಯೂಷನ್ ಫೀಸಿನಂಥ ದೊಡ್ಡ ಪಾವತಿಗೆ ಈ ಬಗೆ ಸಾಕು.

ಎರಡನೆಯದರಲ್ಲಿ ತಿಂಗಳ ಮಿತಿ ಮೊದಲೇ ಹಾಕಿಬಿಡಬಹುದು. ನಿಯಮದ ಗರಿಷ್ಠ ತಿಂಗಳಿಗೆ 15,000 ರೂಪಾಯಿ, ಒಂದು ಪಾವತಿಗೆ 5,000. ಈ ಅಂಕಿಗಳನ್ನು ನೋಡಿ ಮಿತಿ ನಿರ್ಧರಿಸಬೇಡಿ, ಅವು ಮಕ್ಕಳಿಗಾಗಿ ಮಾಡಿದವಲ್ಲ. ಈ ಬಗೆ ಎಲ್ಲ ಆ್ಯಪ್‌ಗಳಲ್ಲೂ ಸಿಗುವುದಿಲ್ಲ.

ಹಾಗಾದರೆ ಎಷ್ಟು? ‘ಪಕ್ಕದ ಮನೆಯವರು ಎಷ್ಟು ಕೊಡುತ್ತಾರೆ’ ಎಂದು ಕೇಳುವುದಕ್ಕಿಂತ ಎರಡು ವಾರದ ಖರ್ಚು ಬರೆದಿಡಿಸುವುದು ಮೇಲು. ಎಂಟನೇ ತರಗತಿಯ ಒಂದು ಮಾದರಿ ಲೆಕ್ಕ: ಟ್ಯೂಷನ್ ಬಿಟ್ಟ ಮೇಲೆ ತಿಂಡಿಗೆ ವಾರದಲ್ಲಿ ಮೂರು ದಿನ ತಲಾ 30, ಒಟ್ಟು 90. ಪೆನ್ನು, ಜೆರಾಕ್ಸ್, ಗ್ರಾಫ್ ಶೀಟಿಗೆ 20. ಸ್ವಂತ ಇಷ್ಟಕ್ಕೆ, ಯಾರೂ ಪ್ರಶ್ನಿಸದ 40. ವಾರಕ್ಕೆ 150 ಆಯಿತು. ತಿಂಗಳಿಗೆ ನಾಲ್ಕು ವಾರ ಎಂದು 600 ಕೊಟ್ಟರೆ ಕೊನೆಯ ಎರಡು-ಮೂರು ದಿನ ಕೈ ಖಾಲಿ, 650 ಬೇಕು. ಫೀಸು, ಬಟ್ಟೆ, ಮೊಬೈಲ್ ರೀಚಾರ್ಜ್, ಗೆಳೆಯರ ಹುಟ್ಟುಹಬ್ಬದ ಉಡುಗೊರೆ ಇದರಲ್ಲಿ ಬರಬಾರದು. ಬಂದರೆ ತಿಂಡಿ ದುಡ್ಡು ಅಲ್ಲಿಗೆ ಹೋಗುತ್ತದೆ, ತಿಂಗಳ ಮಧ್ಯೆ ಮತ್ತೆ ಕೈಚಾಚುವುದು ತಪ್ಪುವುದಿಲ್ಲ.

ಬಸ್ಸಿನ ದುಡ್ಡು ಬೇರೆಯೇ ಲೆಕ್ಕ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹುಡುಗಿಯರಿಗೆ ಟಿಕೆಟ್ ಹಣ ಬೇಕಿಲ್ಲ, ಅದೇ ಮನೆಯ ಹುಡುಗನಿಗೆ ಬೇಕು. ಅವನಿಗೆ ನೂರು ಹೆಚ್ಚು ಕೊಟ್ಟದ್ದಕ್ಕೆ ತಂಗಿ ಜಗಳ ತೆಗೆದರೆ ಅವಳ ತಪ್ಪಲ್ಲ. ಬಸ್ ಹಣ ಕೈಖರ್ಚಿನಲ್ಲಿ ಸೇರದಂತೆ ಪಾಸ್ ಮಾಡಿಸಿಕೊಟ್ಟರೆ ಮುಗಿಯಿತು. ಖಾಸಗಿ ಬಸ್ಸುಗಳೇ ಹೆಚ್ಚಿರುವ ಉಡುಪಿ, ಮಂಗಳೂರು ಕಡೆ ಆ ಬಸ್ಸುಗಳಿಗೆ ಶಕ್ತಿ ಅನ್ವಯಿಸುವುದಿಲ್ಲ, ಅಲ್ಲಿ ಇಬ್ಬರಿಗೂ ಬೇಕು.

ಈಗ ಉಳಿದ ಅರ್ಧ ಅಂಕ ಎಲ್ಲಿ ಹೋಯಿತು ಎಂಬ ವಿಚಾರ. ಸರ್ಕಲ್‌ನಲ್ಲಿ ಮಗುವಿನ ಕೈಗೆ ಬರುವುದು ಹಣವಲ್ಲ, ಖರ್ಚು ಮಾಡುವ ಅನುಮತಿ. ಖರ್ಚಾಗದೆ ಉಳಿದ 120 ರೂಪಾಯಿ ಅಪ್ಪನ ಖಾತೆಯಲ್ಲೇ ಇರುತ್ತದೆ. ಇದು ಗೊತ್ತಾದ ಮಗು ತಿಂಗಳ ಕೊನೆಗೆ ಉಳಿದದ್ದನ್ನೆಲ್ಲ ಚಾಕೊಲೇಟಿಗೆ ಹಾಕಿ ಮುಗಿಸುತ್ತದೆ. ಅದರ ಲೆಕ್ಕಾಚಾರ ಸರಿಯಾಗಿಯೇ ಇದೆ! ಸ್ವಂತ ಖಾತೆಯಿಲ್ಲದ ಮಗುವಿಗೆ ಅಜ್ಜಿ ಹಬ್ಬಕ್ಕೆಂದು ಹಣ ಕಳಿಸುವಂತೆಯೂ ಇಲ್ಲ. ಒಂದು ಮಗು ಒಬ್ಬರ ಸರ್ಕಲ್‌ಗೆ ಮಾತ್ರ ಸೇರಬಹುದಾದ್ದರಿಂದ ಅಪ್ಪ ಅರ್ಧ, ಅಮ್ಮ ಅರ್ಧ ಎಂಬ ಏರ್ಪಾಡೂ ಆಗದು. ಮಿತಿಯೂ ತಿಂಗಳ ಲೆಕ್ಕದಲ್ಲೇ ಇದೆ. ವಾರವಾರ ಕೊಟ್ಟರೆ ನಿಭಾಯಿಸಬಲ್ಲ ಹನ್ನೆರಡರ ಮಗು ತಿಂಗಳ ಹಣವನ್ನು ಹತ್ತನೇ ತಾರೀಖಿಗೇ ಮುಗಿಸಿ ಕೂರುತ್ತದೆ.

ಆದ್ದರಿಂದ ತಿಂಡಿ, ಜೆರಾಕ್ಸಿನ 110ರ ಭಾಗವನ್ನು ಮಾತ್ರ ಸರ್ಕಲ್‌ಗೆ ಬಿಡಿ. ಆಗ ಮಿತಿ ತಿಂಗಳಿಗೆ 480 ಸಾಕು. ಇಷ್ಟಕ್ಕೆ ಬಿಟ್ಟ 40 ರೂಪಾಯಿ ಪ್ರತಿ ಶನಿವಾರ ನಗದಾಗಿ ಕೈಗೆ ಹೋಗಲಿ, ಉಳಿಸಿದರೆ ಡಬ್ಬಿಗೆ. ಹದಿಮೂರು ವಾರ ಪೂರ್ತಿ ಉಳಿಸಿದರೆ 520 ಆಗುತ್ತದೆ, ಅಂಚೆ ಕಚೇರಿ ಉಳಿತಾಯ ಖಾತೆ ತೆರೆಯಲು 500 ಸಾಕು. ಹತ್ತು ವರ್ಷ ದಾಟಿದ ಮಗು ತನ್ನ ಹೆಸರಿನಲ್ಲೇ ತೆರೆಯಬಹುದು. ಬಡ್ಡಿ ಶೇ 4. ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗಿನ ಕನಿಷ್ಠ ಬಾಕಿಗೆ ಮಾತ್ರ ಬಡ್ಡಿ ಸಿಗುತ್ತದೆ, ಹಾಗಾಗಿ ಹಣ ಕಟ್ಟುವುದು 10ರೊಳಗೇ ಆಗಲಿ. ಬಾಕಿ 500ಕ್ಕಿಂತ ಇಳಿದರೆ ಆ ತಿಂಗಳ ಬಡ್ಡಿ ಇಲ್ಲ.

ಮಗುವಿನ ಫೋನು ಕಳೆದರೆ ಸಿಮ್ ಬ್ಲಾಕ್ ಮಾಡಿಸುವ ಮೊದಲೇ ನಿಮ್ಮ ಆ್ಯಪ್‌ನಲ್ಲಿ ಆ ಹೆಸರನ್ನು ಸರ್ಕಲ್‌ನಿಂದ ತೆಗೆದುಹಾಕಿ.