ಡೆರ್ರಿ ಗರ್ಲ್ಸ್, ಇನ್‌ಬಿಟ್ವೀನರ್ಸ್: ಮೂರನೇ ಸೀಸನ್‌ವರೆಗೂ ದಮ್ಮು ಉಳಿಸಿಕೊಂಡಿದ್ದು ಯಾರು?

ಎರಡೂ ಶಾಲೆಗೆ ಹೋಗುವ ಹದಿಹರೆಯದವರ ಬ್ರಿಟಿಷ್ ಕಾಮಿಡಿ ಸೀರಿಯಲ್‌ಗಳು, ಎರಡಕ್ಕೂ ಮೂರು ಸೀಸನ್. ಮೊದಲೇ ಹೇಳಿಬಿಡ್ತೀನಿ, ನನ್ನ ವೋಟು ಡೆರ್ರಿ ಗರ್ಲ್ಸ್‌ಗೆ. ಆದರೆ ನಾನು ಡಿವಿಡಿ ಕೊಂಡಿದ್ದು ಇನ್‌ಬಿಟ್ವೀನರ್ಸ್‌ದು.

ಕೆಲಸದ ಮೇಲೆ ಎರಡು ವರ್ಷ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೆ. ಅಲ್ಲಿನ ಹುಡುಗರು ಊಟದ ಹೊತ್ತಿಗೆ ಇನ್‌ಬಿಟ್ವೀನರ್ಸ್ ಡೈಲಾಗ್ ಹೊಡೆದು ಬಿದ್ದು ಬಿದ್ದು ನಗುತ್ತಿದ್ದರೆ, ನಾನು ಅರ್ಥವಾದವನ ಹಾಗೆ ಹಲ್ಲು ಕಿರಿಯುತ್ತಿದ್ದೆ. ಊರಿಗೆ ಹೊರಡುವ ವಾರ ಚಾರಿಟಿ ಅಂಗಡಿಯಲ್ಲಿ ಮೂರೂ ಸೀಸನ್ ಇದ್ದ ಡಬ್ಬಿ 2 ಪೌಂಡಿಗೆ ಸಿಕ್ಕಿತು. ಲಾಟರಿ ಹೊಡೆದಷ್ಟು ಖುಷಿ.

ಮೈಸೂರಿಗೆ ಬಂದು ಪ್ಲೇಯರ್‌ಗೆ ಹಾಕಿದರೆ ಡಿಸ್ಕ್ ಗಿರ್ ಅಂತ ಎರಡು ಸುತ್ತು ತಿರುಗಿ ನಿಂತಿತು, ಪರದೆ ಮೇಲೆ ರೀಜನ್ ತಪ್ಪು ಅಂತ ಬಂತು. ಡಿವಿಡಿಗಳಿಗೆ ಜಗತ್ತನ್ನು ವಲಯ, ಅಂದರೆ ರೀಜನ್, ಅಂತ ಹಂಚಿದ್ದಾರೆ, ಒಂದು ವಲಯದ ಡಿಸ್ಕ್ ಇನ್ನೊಂದರ ಪ್ಲೇಯರ್‌ನಲ್ಲಿ ಓಡಲ್ಲ. ಬ್ರಿಟನ್ನಿನ ಡಿಸ್ಕ್ ರೀಜನ್ 2, ನಮ್ಮ ದೇಶ ರೀಜನ್ 5. ಸರಿ, ಲ್ಯಾಪ್‌ಟಾಪ್‌ಗೆ ಚುಚ್ಚುವ ಡಿವಿಡಿ ಡ್ರೈವ್ ತರಿಸಿದೆ. ಅದರಲ್ಲಿ ರೀಜನ್ ಬದಲಾಯಿಸಬಹುದು, ಆದರೆ ಐದೇ ಸಲ. ಆಮೇಲೆ ಯಾವುದರಲ್ಲಿ ನಿಂತಿರುತ್ತೋ ಅದೇ ಖಾಯಂ.

ಮೊದಲನೇ ಸಲ 2ಕ್ಕೆ ಹಾಕಿದೆ. ಒಂದು ಸೀಸನ್ ಮುಗಿಯುವಷ್ಟರಲ್ಲಿ ಮಗಳಿಗೆ ತನ್ನ ಕಾರ್ಟೂನ್ ಡಿಸ್ಕ್ ಬೇಕೇ ಬೇಕು ಅಂತ ಹಟ. ಅದು ಇಲ್ಲೇ ಕೊಂಡಿದ್ದು, 5ಕ್ಕೆ ತಿರುಗಿಸಿದೆ. ಅವಳು ಮಲಗಿದ ಮೇಲೆ ಮತ್ತೆ 2. ಮಾರನೇ ಭಾನುವಾರ ಮತ್ತೆ 5. ‘ಇನ್ನು ಒಂದೇ ಸಲ ಬದಲಾಯಿಸಬಹುದು’ ಅಂತ ಕಂಪ್ಯೂಟರ್ ಎಚ್ಚರಿಸಿದಾಗ ನನ್ನವಳು ಹಿಂದೆ ನಿಂತು, “ಎರಡು ಪೌಂಡಿನ ಸಿನಿಮಾಕ್ಕೆ ಎಷ್ಟು ಸಾವಿರದ ಡ್ರೈವ್ ರೀ ಇದು?” ಅಂದಳು. (ವಿಎಲ್‌ಸಿ ಅನ್ನೋ ಪ್ಲೇಯರ್ ಸಾಫ್ಟ್‌ವೇರ್ ಹಾಕ್ಕೊಳ್ಳಿ ಅಂತ ಬುದ್ಧಿ ಹೇಳೋರಿಗೆ: ಹಾಕಿದೆ. ನನ್ನ ಡ್ರೈವ್ ಅದಕ್ಕೂ ಬಗ್ಗಲಿಲ್ಲ.)

ಇಷ್ಟು ಒದ್ದಾಡಿ ನೋಡಿದ್ದು ಹೇಗಿತ್ತು? ಮೊದಲೆರಡು ಸೀಸನ್ ಭರ್ಜರಿ. 2008ರಲ್ಲಿ ಶುರುವಾದದ್ದು. ಖಾಸಗಿ ಶಾಲೆಯಿಂದ ಸರ್ಕಾರಿ ಶಾಲೆಗೆ ಬಂದು ಬೀಳುವ, ಕೈಯಲ್ಲಿ ಬ್ರೀಫ್‌ಕೇಸ್ ಹಿಡಿದ ವಿಲ್. ಬಾಯಿ ಬಿಟ್ಟರೆ ಬರೀ ಸುಳ್ಳು ಬಿಡುವ ಜೇ. ಸೈಮನ್‌ನ ಹಳದಿ ಫಿಯಟ್, ಅದಕ್ಕೆ ಆಮೇಲೆ ಕೂರಿಸಿದ ಒಂದೇ ಒಂದು ಕೆಂಪು ಬಾಗಿಲು. ನಮ್ಮ ಪಿಯುಸಿ ಬೆಂಚಿನ ಪಡ್ಡೆಗಳೇ. ತೊಂದರೆ ಏನಂದರೆ, ಇದರ ನಗು ಪೂರ್ತಿ ನಿಂತಿರೋದು ಮಾನ ಹೋಗುವುದರ ಮೇಲೆ. ಎರಡನೇ ಸೀಸನ್ನಿನ ಕೊನೆಗೆ ವಿಲ್ ಪರೀಕ್ಷೆ ಹಾಲಿನಲ್ಲೇ ಚಡ್ಡಿ ಕೆಡಿಸಿಕೊಳ್ಳುತ್ತಾನೆ. ಅದಾದ ಮೇಲೆ ಇನ್ನೆಲ್ಲಿಗೆ ಹೋಗೋದು? 2010ರ ಮೂರನೇ ಸೀಸನ್ ಶುರುವಿನಲ್ಲೇ ಫ್ಯಾಶನ್ ಶೋ ವೇದಿಕೆ ಮೇಲೆ ಸೈಮನ್‌ನ ಮಾನ ಅಕ್ಷರಶಃ ಹೊರಗೆ ಬರುತ್ತೆ. ಖಾರ ಹೆಚ್ಚಿಸುತ್ತಾ ಹೋದರೆ ಸಾರಿನ ರುಚಿಯೇ ಗೊತ್ತಾಗಲ್ಲ. ಸೀರಿಯಲ್ ಮುಗಿದ ಮೇಲೆ ಇದೇ ಹುಡುಗರ ಮೇಲೆ ಸಿನಿಮಾಗಳೂ ಬಂದವು, ಎರಡನೇ ಸಿನಿಮಾದಲ್ಲಿ ಆಸ್ಟ್ರೇಲಿಯಾಕ್ಕೆ ಹೋಗ್ತಾರೆ. ನಾನು ಅರ್ಧಕ್ಕೆ ಎದ್ದೆ.

ಅಮ್ಮ ಹಾಲ್‌ನಲ್ಲಿ ಕೂತಿದ್ದರೆ ಹೆಡ್‌ಫೋನ್ ಕಡ್ಡಾಯ.

ಡೆರ್ರಿ ಗರ್ಲ್ಸ್ ನೋಡಿದ್ದು ಓಟಿಟಿಯಲ್ಲಿ, ಒಂದು ತಿಂಗಳ ರೀಚಾರ್ಜ್‌ನಲ್ಲಿ. ಲೀಸಾ ಮ್ಯಾಗೀ ತಾವು ಹುಟ್ಟಿ ಬೆಳೆದ ಊರಿನ ಮೇಲೇ ಬರೆದದ್ದು, 2018ರಿಂದ 2022. ಉತ್ತರ ಐರ್ಲೆಂಡಿನ ಡೆರ್ರಿ, ಕ್ಯಾಥಲಿಕ್-ಪ್ರಾಟೆಸ್ಟೆಂಟ್ ಸಂಘರ್ಷದ 1990ರ ದಶಕ, ನಾಲ್ಕು ಹುಡುಗಿಯರು ಮತ್ತು ಹುಡುಗಿಯರ ಕಾನ್ವೆಂಟಿಗೇ ಸೇರಿಕೊಂಡ ಒಬ್ಬ ಇಂಗ್ಲಿಷ್ ಹುಡುಗ. ಸೇತುವೆ ಮೇಲೆ ಬಾಂಬ್ ಅಂದರೆ ಒಬ್ಬ ಹುಡುಗಿಯ ಚಿಕ್ಕಮ್ಮನಿಗೆ ಚಿಂತೆ ತನ್ನ ಬ್ಯೂಟಿ ಅಪಾಯಿಂಟ್‌ಮೆಂಟ್ ತಪ್ಪಿತಲ್ಲ ಅಂತ.

ಇಲ್ಲಿ ಮಕ್ಕಳ ಪೇಚಾಟ ದೊಡ್ಡದಾಗುತ್ತಾ ಹೋಗಬೇಕಾಗಿಲ್ಲ, ಯಾಕಂದರೆ ಹೊರಗೆ ಇತಿಹಾಸವೇ ನಡೀತಾ ಇದೆ. ಕದನವಿರಾಮ, 1995ರಲ್ಲಿ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಭೇಟಿ, ಕೊನೆಯ ವಿಶೇಷ ಕಂತಿನಲ್ಲಿ ಆ ಸಂಘರ್ಷಕ್ಕೆ ತೆರೆ ಎಳೆಯುವ 1998ರ ಗುಡ್ ಫ್ರೈಡೇ ಶಾಂತಿ ಒಪ್ಪಂದದ ಮತದಾನ. ಹುಡುಗಿಯರು ಮೊದಲಿನಷ್ಟೇ ಪೆದ್ದುಪೆದ್ದಾಗಿದ್ದರೂ ಕಥೆ ಮುಂದಕ್ಕೆ ಹೋಗುತ್ತೆ.

ಎರಡನೇ ಸೀಸನ್ನಿನ ಮೊದಲ ಕಂತು ಒಂದನ್ನಾದರೂ ನೋಡಿ. ಕ್ಯಾಥಲಿಕ್, ಪ್ರಾಟೆಸ್ಟೆಂಟ್ ಮಕ್ಕಳನ್ನು ಒಟ್ಟಿಗೆ ಕೂರಿಸಿ ಪಾದ್ರಿ ಕೇಳ್ತಾನೆ: ನಿಮ್ಮಲ್ಲಿ ಸಮಾನವಾದದ್ದು ಏನು? ಮಕ್ಕಳು ಹೇಳೋದೆಲ್ಲ ಬರೀ ವ್ಯತ್ಯಾಸ. ಪ್ರಾಟೆಸ್ಟೆಂಟರು ಟೋಸ್ಟರ್ ಬೀರುವಿನಲ್ಲಿಡುತ್ತಾರೆ, ಕ್ಯಾಥಲಿಕರಿಗೆ ವಿಗ್ರಹಗಳ ಹುಚ್ಚು, ಹೀಗೆ. ವ್ಯತ್ಯಾಸದ ಹಲಗೆ ತುಂಬಿ ತುಳುಕುತ್ತೆ, ಪಕ್ಕದ ಹಲಗೆ ಖಾಲಿ. ಆ ಹಲಗೆಯನ್ನು ಬೆಲ್‌ಫಾಸ್ಟಿನ ಅಲ್‌ಸ್ಟರ್ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕೂ ಇಟ್ಟಿದ್ದರು. ಮಡಿ-ಮೈಲಿಗೆಯ ಮನೆಯಲ್ಲಿ ಬೆಳೆದ ನನಗೆ ಟೋಸ್ಟರ್ ಜೋಕನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಉಚ್ಚಾರ ಕಷ್ಟ, ಸಬ್‌ಟೈಟಲ್ ಬೇಕು.

ಸೆಕ್ಸ್ ಎಜುಕೇಶನ್ ಯಾಕೆ ಬಿಟ್ಟಿರಿ ಅಂತ ಕೇಳ್ತೀರಿ. ಅದೂ ಶಾಲಾ ಹುಡುಗರ ಬ್ರಿಟಿಷ್ ಸೀರಿಯಲ್ಲೇ. ನಾಲ್ಕು ಸೀಸನ್, ಒಂದೊಂದು ಕಂತೂ ಹತ್ತಿರಹತ್ತಿರ ಗಂಟೆ. ನಾಲ್ಕನೆಯದರಲ್ಲಿ ಹಳೇ ಶಾಲೆ ಬಿಟ್ಟು ಹೊಸ ಕಾಲೇಜು, ಹೊಸ ಮುಖಗಳು. ನನಗೆ ಮತ್ತೆ ಪರಿಚಯ ಮಾಡಿಕೊಳ್ಳುವ ತಾಳ್ಮೆ ಇರಲಿಲ್ಲ. ನಾನು ನೋಡೋದು ರಾತ್ರಿ ಊಟದ ಜೊತೆ, ಮಜ್ಜಿಗೆ ಅನ್ನಕ್ಕೆ ಬರುವಷ್ಟರಲ್ಲಿ ಕಂತು ಮುಗಿದಿರಬೇಕು. ಡೆರ್ರಿಯ 19 ಕಂತು, ದಿನಕ್ಕೊಂದರಂತೆ ನೋಡಿದರೂ ರೀಚಾರ್ಜ್ ಮುಗಿಯುವ ಮೊದಲೇ ಮುಗೀತು. ಉಳಿದ ದಿನಗಳಲ್ಲಿ ಮೊದಲಿಂದ ಮತ್ತೆ ನೋಡಿದೆ.

ಇನ್‌ಬಿಟ್ವೀನರ್ಸ್ ಪುಕ್ಕಟೆ ಸಿಕ್ಕರೆ ಎರಡು ಸೀಸನ್ ನೋಡಿ ನಿಲ್ಲಿಸಿ. ಡಿಸ್ಕ್ ಮಾತ್ರ ತರಬೇಡಿ. ನನ್ನ ಡ್ರೈವ್ ಐದನೇ ಸಲಕ್ಕೆ 2ರಲ್ಲೇ ಬೀಗ ಹಾಕಿಕೊಂಡಿದೆ, ಮಗಳು ನನ್ನ ಜೊತೆ ಎರಡು ದಿನ ಮಾತು ಬಿಟ್ಟಿದ್ದಳು.