ಪೇಂಟ್ ಕಲಸಲು ಗಾಳಿ ಮೋಟರೋ, ಎಫ್‌ಎಲ್‌ಪಿ ಮೋಟರೋ?

ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಸುತ್ತಮುತ್ತ ಜಾಬ್‌ವರ್ಕ್ ಮೇಲೆ ಪೇಂಟ್ ಹೊಡೆದುಕೊಡುವ ಶೆಡ್‌ಗಳು ತುಂಬಾ ಇವೆ. ಬ್ರಾಕೆಟ್, ಪಂಪಿನ ಬಾಡಿ, ಮೆಷಿನ್ ಕವರ್, ಏನೇ ಬರಲಿ, ಮೊದಲು ಪ್ರೈಮರ್, ಆಮೇಲೆ ಫಿನಿಶ್. ಅಂಥದೇ ಒಂದು ಪೇಂಟ್ ಶಾಪಿನಲ್ಲಿ ಪೇಂಟ್ ಕಲಸುವ ಕೋಣೆ ನೋಡಿಕೊಳ್ಳುವುದು ನನ್ನ ಕೆಲಸ. ಸ್ಪ್ರೇ ಬೂತ್‌ಗೆ ಮಾಲೀಕರು ಧಾರಾಳವಾಗಿ ದುಡ್ಡು ಹಾಕುತ್ತಾರೆ, ಕಸ್ಟಮರ್ ಆಡಿಟ್‌ಗೆ ಬಂದಾಗ ಅದನ್ನೇ ಮೊದಲು ತೋರಿಸುತ್ತಾರೆ. ಕಲಸುವ ಕೋಣೆ ಮಾತ್ರ ಹಿಂದುಗಡೆ ಎಲ್ಲೋ ಮೂಲೆಯಲ್ಲಿರುತ್ತದೆ. ಥಿನ್ನರ್ ಡಬ್ಬ ತೆರೆಯುವುದು, ಸುರಿಯುವುದು, ತಿರುವುವುದು ಎಲ್ಲ ನಡೆಯುವುದು ಅಲ್ಲೇ. ಬೆಂಕಿಗೆ ಬೇಕಾದ ಸಾಮಾನು ಜಾಸ್ತಿ ಇರುವುದೂ ಅಲ್ಲೇ.

ಕಲಸಲು ಏನು ತಗೊಳ್ಳಬೇಕು ಅಂತ ಪರಿಚಯದವರು ಆಗಾಗ ಕೇಳುತ್ತಾರೆ. ಸಾಮಾನ್ಯ ಡ್ರಿಲ್ ಮೆಷಿನ್, ಗಾಳಿಯಲ್ಲಿ ಓಡುವ ಸ್ಟಿರರ್, ಎಫ್‌ಎಲ್‌ಪಿ (ಒಳಗಿನ ಬೆಂಕಿ ಹೊರಗಿನ ಆವಿಗೆ ಹತ್ತದಂತೆ ಮಾಡಿದ) ಮೋಟರ್ ಕೂರಿಸಿದ ಸ್ಟಿರರ್, ಮುಚ್ಚಿದ ಡಬ್ಬ ಅಲ್ಲಾಡಿಸುವ ಶೇಕರ್. ನಾಲ್ಕರಲ್ಲೂ ಪೇಂಟ್ ಕಲಸಿ ನೋಡಿದ್ದೇನೆ. ಡ್ರಿಲ್ ಹಿಡಿದದ್ದು ನೀರಿನ ಪೇಂಟ್‌ಗೆ, ಅದೂ ಬಯಲಲ್ಲಿ. ಮಿಕ್ಕ ಮೂರೂ ನಮ್ಮಲ್ಲೇ ಓಡಿವೆ.

ಮೋಟರ್ ಮಾತಿಗೆ ಮೊದಲು ಥಿನ್ನರ್ ಬಗ್ಗೆ ಒಂದು ಮಾತು. ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ಥಿನ್ನರ್‌ನಲ್ಲಿರುವ ಟಾಲ್ಯುಯಿನ್‌ನ ಫ್ಲ್ಯಾಶ್ ಪಾಯಿಂಟ್ 4 ಡಿಗ್ರಿ. ಅಷ್ಟು ತಣ್ಣಗಿದ್ದರೂ ಕಿಡಿ ತಾಗಿದರೆ ಹತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಹೊಸೂರಿನ ಡಿಸೆಂಬರ್ ಚಳಿಯೂ ಅದನ್ನು ತಡೆಯುವುದಿಲ್ಲ. ಝೈಲೀನ್‌ನದು 25ರಿಂದ 30 ಡಿಗ್ರಿ ಆಸುಪಾಸು. ಬೆಳಿಗ್ಗೆ ಪರವಾಗಿಲ್ಲ ಅನ್ನಿಸುವ ಥಿನ್ನರ್ ಏಪ್ರಿಲ್ ಮಧ್ಯಾಹ್ನ ಶೀಟ್ ಛಾವಣಿ ಕೆಳಗೆ ಅಷ್ಟೇ ಅಪಾಯ. ಗಾಳಿಯಲ್ಲಿ ಟಾಲ್ಯುಯಿನ್ ಆವಿ ಶೇ. 1.1ಕ್ಕೆ ಬಂದರೆ ಸಾಕು, ಹತ್ತಿಕೊಳ್ಳಲು ರೆಡಿ. ಈ ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ. ಮೇಲೆ ಹೋಗಿ ಕಿಟಕಿಯಿಂದ ಆಚೆ ಹೋಗುತ್ತದೆ ಅನ್ನುವುದು ಸುಳ್ಳು. ನೆಲದ ಮೇಲೆ ಹರಿದು ಬಾಗಿಲ ಸಂದಿಯಿಂದ ಪಕ್ಕದ ಕೋಣೆಗೂ ಹೋಗುತ್ತದೆ. ಅದಕ್ಕೇ ಎಕ್ಸಾಸ್ಟ್ ಎಳೆಯಬೇಕಾದದ್ದು ನೆಲದ ಮಟ್ಟದಿಂದ. ಗೋಡೆಯ ಮೇಲ್ಗಡೆ ಒಂದು ಫ್ಯಾನ್ ಹಾಕಿ ಬಿಟ್ಟರೆ ನಮ್ಮ ಮೂಗಿಗೆ ವಾಸನೆ ಕಡಿಮೆಯಾಗಬಹುದು, ಕಾಲ ಬಳಿ ಆವಿ ಹಾಗೇ ಇರುತ್ತದೆ.

ಈಗ ಡ್ರಿಲ್. ಅಗ್ಗ, ಎಲ್ಲ ಕಡೆ ಇದೆ, ಪ್ಯಾಡಲ್ ಸಿಕ್ಕಿಸಿದರೆ ಎರಡು ನಿಮಿಷದ ಕೆಲಸ. ಆದರೆ ಲೈಟ್ ಆರಿಸಿ ಡ್ರಿಲ್ ಓಡಿಸಿ ಅದರ ಗಾಳಿ ಕಿಂಡಿಯೊಳಗೆ ನೋಡಿ. ಕಾರ್ಬನ್ ಬ್ರಷ್ ತಾಗುವ ಜಾಗದಲ್ಲಿ ನೀಲಿ ಕಿಡಿ ಸುತ್ತುತ್ತಲೇ ಇರುತ್ತದೆ. ಒಳಗಿನ ಫ್ಯಾನ್ ಕೋಣೆಯ ಗಾಳಿಯನ್ನು ಎಳೆದು ಆ ಕಿಡಿಯ ಮೇಲೇ ಬಿಡುತ್ತದೆ. ಡ್ರಿಲ್ ಹಿಡಿಯುವುದು ತೆರೆದ ಡಬ್ಬದ ಬಾಯಿಯ ಮೇಲೆ, ಆವಿ ಅತಿ ದಟ್ಟವಾಗಿರುವ ಕಡೆ. "ಬ್ಯಾಟರಿ ಡ್ರಿಲ್, ಬ್ರಷ್‌ಲೆಸ್, ಕಿಡಿನೇ ಬರಲ್ಲ" ಅನ್ನುವವರೂ ಇದ್ದಾರೆ. ಬ್ರಷ್ ಇಲ್ಲದಿದ್ದರೂ ಟ್ರಿಗರ್ ಸ್ವಿಚ್ ಇದೆ, ಬ್ಯಾಟರಿ ಕಾಂಟ್ಯಾಕ್ಟ್ ಇದೆ. ಆವಿ ಇರುವ ಜಾಗಕ್ಕೆ ಅಂತ ಅದನ್ನು ಯಾರೂ ಪರೀಕ್ಷಿಸಿ ಪಾಸ್ ಮಾಡಿರುವುದಿಲ್ಲ. ಕೆಲಸದ ಗುಣವೂ ಅಷ್ಟಕ್ಕಷ್ಟೇ. ಸ್ಪೀಡ್ ಜಾಸ್ತಿಯಾಗಿ ಗಾಳಿ ಸೇರಿ ನೊರೆ ಬರುತ್ತದೆ, ಫಿನಿಶ್‌ನಲ್ಲಿ ಪಿನ್‌ಹೋಲ್ ಬೀಳುತ್ತದೆ. ಥಿನ್ನರ್ ಪೇಂಟ್‌ಗೆ ಡ್ರಿಲ್ ಬೇಡವೇ ಬೇಡ. ಇದರಲ್ಲಿ ಯಾವ ಹೊಂದಾಣಿಕೆಗೂ ನಾನು ಒಪ್ಪುವುದಿಲ್ಲ.

ಗಾಳಿ ಮೋಟರ್ ನನಗೆ ಇಷ್ಟ, ಅದಕ್ಕೆ ಕಾರಣವಿದೆ. ಒಳಗೆ ಕರೆಂಟೇ ಇಲ್ಲ. ಕಂಪ್ರೆಸರ್ ಗಾಳಿ ರೋಟರಿನ ವೇನ್‌ಗಳನ್ನು, ಅಂದರೆ ರೆಕ್ಕೆಯಂಥ ಪಟ್ಟಿಗಳನ್ನು, ತಳ್ಳುತ್ತದೆ, ಶಾಫ್ಟ್ ತಿರುಗುತ್ತದೆ, ಅಷ್ಟೇ. ಓಡುವಾಗ ಮೋಟರ್ ಬಿಸಿಯಾಗುವ ಬದಲು ತಣ್ಣಗಾಗುತ್ತದೆ, ಗಾಳಿ ಹೊರಬರುವ ಕಡೆ ಕೈಯಿಟ್ಟರೆ ಗೊತ್ತಾಗುತ್ತದೆ. ಝಿಂಕ್ ಪ್ರೈಮರ್ ಕಲಸುವಾಗ ಇದರ ಬೆಲೆ ತಿಳಿಯುತ್ತದೆ. ಕೆಲವು ವಾರ ಸ್ಟೋರಿನಲ್ಲಿದ್ದ ಡಬ್ಬದಲ್ಲಿ ಝಿಂಕ್ ಪುಡಿ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಬ್ಲೇಡ್ ಅದಕ್ಕೆ ಸಿಕ್ಕಿಕೊಂಡರೆ ಗಾಳಿ ಮೋಟರ್ ಸುಮ್ನೆ ನಿಲ್ಲುತ್ತದೆ. ಸುಡುವುದಿಲ್ಲ, ವಾಸನೆ ಬರುವುದಿಲ್ಲ, ಟ್ರಿಪ್ ಆಗುವುದಿಲ್ಲ. ಬ್ಲೇಡ್ ಸ್ವಲ್ಪ ಎತ್ತಿದರೆ ಮತ್ತೆ ತಿರುಗುತ್ತದೆ. ವಾಲ್ವ್ ಸ್ವಲ್ಪ ಸ್ವಲ್ಪವೇ ತೆರೆದು ನಿಧಾನಕ್ಕೆ ಶುರು ಮಾಡಿ, ತಳ ಬಿಟ್ಟ ಮೇಲೆ ಸ್ಪೀಡ್ ಕೊಡಬಹುದು. ಕೈಯಲ್ಲಿ ಎತ್ತುವಷ್ಟು ಹಗುರ, 20 ಲೀಟರ್ ಡಬ್ಬದಿಂದ ಡಬ್ಬಕ್ಕೆ ಒಬ್ಬರೇ ಸಾಗಿಸಬಹುದು.

ಕಷ್ಟಗಳೂ ಇವೆ. ಮೊದಲನೆಯದು ಎಣ್ಣೆ. ವೇನ್ ಸವೆಯದಿರಲಿ ಅಂತ ಲೂಬ್ರಿಕೇಟರ್‌ನಿಂದ ಎಣ್ಣೆ ಹನಿ ಹೋಗುತ್ತದೆ, ಅದು ಮಂಜಿನಂತೆ ಎಕ್ಸಾಸ್ಟ್‌ನಲ್ಲಿ ಹೊರಬರುತ್ತದೆ. ಎಕ್ಸಾಸ್ಟ್ ಬಾಯಿ ಡಬ್ಬದ ಕಡೆ ತಿರುಗಿದ್ದರೆ ಎಣ್ಣೆ ಪೇಂಟ್‌ಗೆ ಬಿತ್ತು ಅಂತಲೇ ಲೆಕ್ಕ. ಫಿನಿಶ್ ಕೋಟ್‌ನಲ್ಲಿ ಮೀನಿನ ಕಣ್ಣಿನಂಥ ಗುಳಿ ಎದ್ದಾಗ ಎಲ್ಲರೂ ಸ್ಪ್ರೇ ಗನ್ನನ್ನೇ ಬಯ್ಯುತ್ತಾರೆ. ಎಕ್ಸಾಸ್ಟ್‌ಗೆ ಒಂದು ಹೋಸ್ ಹಾಕಿ ಕೋಣೆಯಿಂದಾಚೆ ಬಿಟ್ಟರೆ ಈ ತಲೆನೋವು ಮುಗಿಯುತ್ತದೆ. ಎರಡನೆಯದು ನೀರು. ಮಳೆಗಾಲದಲ್ಲಿ ಗಾಳಿ ಲೈನಿನಲ್ಲಿ ನೀರು ಕೂರುತ್ತದೆ. ಎರಡು ಡಬ್ಬ ಸೇರಿಸಿ ಕಲಸುವ ಟೂ ಪ್ಯಾಕ್ ಪಿಯು (ಪಾಲಿಯುರಿಥೇನ್) ಪೇಂಟಿನ ಹಾರ್ಡನರ್‌ಗೆ ನೀರು ಆಗಿಬರುವುದಿಲ್ಲ, ಗುಳ್ಳೆ ಏಳುತ್ತದೆ. ಗಾಳಿ ಲೈನಿನ ಎಫ್‌ಆರ್‌ಎಲ್ (ಫಿಲ್ಟರ್, ರೆಗ್ಯುಲೇಟರ್, ಲೂಬ್ರಿಕೇಟರ್) ಬಟ್ಟಲಿನ ನೀರನ್ನು ದಿನಾ ಬೆಳಿಗ್ಗೆ ಬಿಡಬೇಕು. ಬಿಡದೆ ಹೋದರೆ ಭಾನುವಾರ ರಜೆ ಮುಗಿಸಿ ಬರುವಷ್ಟರಲ್ಲಿ ಮೋಟರೊಳಗೆ ತುಕ್ಕು ಹಿಡಿದು ವೇನ್ ಅಂಟಿಕೊಂಡಿರುತ್ತದೆ.

ಮೂರನೆಯದು ಕರೆಂಟ್ ಬಿಲ್. ಗಾಳಿ ಮೋಟರಿನಿಂದ 1 ಎಚ್‌ಪಿ ಕೆಲಸ ತೆಗೆಯಲು ಕಂಪ್ರೆಸರ್ ಹತ್ತಿರ ಹತ್ತಿರ 7ರಿಂದ 8 ಎಚ್‌ಪಿ ಕರೆಂಟ್ ತಿನ್ನುತ್ತದೆ. ದಿನಕ್ಕೆ ನಾಲ್ಕೈದು ಡಬ್ಬ ಕಲಸಿದರೆ ಇದು ಲೆಕ್ಕಕ್ಕೆ ಬರುವುದಿಲ್ಲ. ಶಿಫ್ಟ್ ಪೂರ್ತಿ ಡ್ರಮ್ ತಿರುವುತ್ತಾ ಇರಬೇಕು ಅಂದರೆ ಖಂಡಿತ ಬರುತ್ತದೆ. ಬೂತ್‌ನಲ್ಲಿ ಎರಡು ಗನ್ ಒಟ್ಟಿಗೆ ಶುರುವಾದರೆ ಪ್ರೆಷರ್ ಇಳಿದು ಸ್ಟಿರರ್ ಮೆತ್ತಗಾಗುವುದೂ ಉಂಟು. ಪೇಂಟ್ ಎಷ್ಟು ತೆಳು ಅಂತ ಅಳೆಯುವ ತಳ ತೂತಿನ ಬಿ4 ಕಪ್‌ನಲ್ಲಿ ಸೆಕೆಂಡ್ ಎಣಿಸಿ ಥಿನ್ನರ್ ಹಾಕುವವರಿಗೆ ಇದರಿಂದ ಕಿರಿಕಿರಿ. ಸರಿಯಾಗಿ ಕಲಸದ ಪೇಂಟ್ ತೆಳ್ಳಗಿದ್ದಂತೆ ಕಾಣಿಸುತ್ತದೆ.

ಗಾಳಿಯಲ್ಲಿ ಓಡುತ್ತದೆ ಅಂದ ಮಾತ್ರಕ್ಕೆ ಎಲ್ಲವೂ ಸೇಫ್ ಅಂತಲೂ ಅಲ್ಲ. ಎಣ್ಣೆಯಿಲ್ಲದೆ ಓಡಿದ ಬೇರಿಂಗ್ ಬಿಸಿಯಾಗುತ್ತದೆ. ಬ್ಲೇಡ್ ಡಬ್ಬದ ಗೋಡೆಗೆ ಉಜ್ಜಿದರೆ ಕಿಡಿ ಬರಬಹುದು. ತುಕ್ಕು ಹಿಡಿದ ಕಬ್ಬಿಣಕ್ಕೆ ಅಲ್ಯೂಮಿನಿಯಂ ಬಡಿದರಂತೂ ತುಂಬಾ ಬಿಸಿ ಕಿಡಿ ಏಳುತ್ತದೆ. ಅದಕ್ಕೇ ನಾವು ಸ್ಟೇನ್‌ಲೆಸ್ ಸ್ಟೀಲ್ ಬ್ಲೇಡ್ ಹಾಕಿ, ಕ್ಲಾಂಪ್‌ನಿಂದ ಡಬ್ಬದ ಬಾಯಿಗೆ ಕಚ್ಚಿಸಿ ನಡುವೆ ನಿಲ್ಲಿಸುತ್ತೇವೆ, ಕೈಯಲ್ಲಿ ಹಿಡಿದು ಓಡಿಸುವುದಿಲ್ಲ. ಮೋಟರ್ ತಗೊಳ್ಳುವಾಗ ಆರು ಮೂಲೆಯ ಚೌಕಟ್ಟಿನೊಳಗೆ ಇಎಕ್ಸ್ (Ex) ಗುರುತು, ಅಂದರೆ ಆವಿ ಇರುವ ಜಾಗಕ್ಕೆ ಅಂತ ಮಾಡಿದ್ದು ಅನ್ನುವ ಗುರುತು, ಇರುವುದನ್ನೇ ತಗೊಳ್ಳಿ.

ಎಫ್‌ಎಲ್‌ಪಿ, ಅಂದರೆ ಫ್ಲೇಮ್‌ಪ್ರೂಫ್ ಮೋಟರ್, ಬೇರೆಯದೇ ತತ್ವ. ಇದರೊಳಗೆ ಆವಿ ಹೋಗುವುದಿಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಹೋಗುತ್ತದೆ. ಒಳಗೆ ಕಿಡಿ ತಾಗಿ ಸ್ಫೋಟವೂ ಆಗಬಹುದು. ಅದನ್ನು ತಡೆದುಕೊಳ್ಳುವಷ್ಟು ದಪ್ಪ ಬಾಡಿ ಕೊಟ್ಟಿರುತ್ತಾರೆ. ಕವರ್ ಮತ್ತು ಬಾಡಿ ಸೇರುವ ಕಡೆ ಲೆಕ್ಕ ಹಾಕಿ ಬಿಟ್ಟ ಸಣ್ಣ ಸಂದಿ ಇರುತ್ತದೆ. ಬೆಂಕಿ ಆ ಉದ್ದ ಸಂದಿಯಲ್ಲಿ ಹೊರಗೆ ಬರುವಷ್ಟರಲ್ಲಿ ತಣ್ಣಗಾಗಿ, ಹೊರಗಿನ ಆವಿಯನ್ನು ಹತ್ತಿಸುವ ಶಕ್ತಿ ಕಳೆದುಕೊಂಡಿರುತ್ತದೆ. ಈ ಮೋಟರಿನ ಜೀವ ಇರುವುದೇ ಆ ಸಂದಿಯಲ್ಲಿ.

ಇದು ತಿಳಿದ ಮೇಲೆ ಟರ್ಮಿನಲ್ ಬಾಕ್ಸಿನ ಬೋಲ್ಟ್ ನೋಡುವ ಕಣ್ಣೇ ಬದಲಾಗುತ್ತದೆ. ಎಂಟು ಬೋಲ್ಟ್ ಇರಬೇಕಾದ ಕಡೆ ಏಳಿದ್ದರೆ, ಆ ಮೂಲೆಯಲ್ಲಿ ಕವರ್ ಕೂದಲೆಳೆಯಷ್ಟು ಎದ್ದಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಫೀಲರ್ ಗೇಜ್ ತೂರಿಸಿದರೆ ಗೊತ್ತಾಗುತ್ತದೆ. ಹೊರಗಿನಿಂದ ಅದು ಎಫ್‌ಎಲ್‌ಪಿ ಥರಾನೇ ಕಾಣುತ್ತದೆ, ಪ್ಲೇಟೂ ಇರುತ್ತದೆ, ಆದರೆ ರಕ್ಷಣೆ ಹೋಗಿರುತ್ತದೆ. ಕೇಬಲ್ ಒಳಹೋಗುವ ಕಡೆ ಎಫ್‌ಎಲ್‌ಪಿ ಸರ್ಟಿಫಿಕೇಟ್ ಇರುವ ಡಬಲ್ ಕಂಪ್ರೆಷನ್ ಗ್ಲ್ಯಾಂಡ್ ಬೇಕು. ಖಾಲಿ ಬಿಟ್ಟ ತೂತಿಗೆ ಅದಕ್ಕೆಂದೇ ಮಾಡಿದ ಪ್ಲಗ್ ಬೇಕು, ಪ್ಲಾಸ್ಟಿಕ್ ಮುಚ್ಚಳ, ಟೇಪ್ ನಡೆಯುವುದಿಲ್ಲ.

ರಿವೈಂಡಿಂಗ್ ವಿಷಯ ನನಗೆ ತುಂಬಾ ಚಿಂತೆ. ಮೋಟರ್ ಸುಟ್ಟರೆ ನಮ್ಮ ಕಡೆ ಹತ್ತಿರದ ರಿವೈಂಡಿಂಗ್ ಅಂಗಡಿಗೆ ಒಯ್ಯುವುದು ರೂಢಿ. ಸಾಮಾನ್ಯ ಮೋಟರ್‌ಗೆ ಅವರ ಕೈಕೆಲಸ ಚೆನ್ನಾಗಿಯೇ ಇರುತ್ತದೆ. ಎಫ್‌ಎಲ್‌ಪಿಗೆ ಬಂದರೆ ಕಥೆ ಬೇರೆ. ಫ್ಲೇಂಜ್ ಮೇಲೆ ತುಕ್ಕು ಕಂಡರೆ ಎಮರಿ ಪೇಪರ್ ಹಾಕಿ ಉಜ್ಜುತ್ತಾರೆ, ನೀರು ಹೋಗಬಾರದು ಅಂತ ಸಿಲಿಕೋನ್ ಹಚ್ಚುತ್ತಾರೆ, ಚೆಂದ ಕಾಣಲಿ ಅಂತ ಒಳಅಂಚಿಗೂ ಪೇಂಟ್ ಬಳಿಯುತ್ತಾರೆ. ಮೂರೂ ಒಳ್ಳೆ ಮನಸ್ಸಿನಿಂದ ಮಾಡಿದ ಕೆಲಸವೇ, ಮೂರೂ ಆ ಸಂದಿಯನ್ನು ಕೆಡಿಸುತ್ತವೆ. ಎಫ್‌ಎಲ್‌ಪಿ ರಿಪೇರಿ ಗೊತ್ತಿರುವವರ ಹತ್ತಿರವೇ ಕಳಿಸಬೇಕು, ಎಷ್ಟು ದಿನ ಕಾಯಬೇಕಾದರೂ ಸರಿ.

ಪ್ಲೇಟ್ ಓದುವುದು ಕಷ್ಟವೇನಲ್ಲ. ಆವಿಗಳನ್ನು ಅಪಾಯದ ಮಟ್ಟದ ಮೇಲೆ ಗುಂಪು ಮಾಡಿರುತ್ತಾರೆ. ಟಾಲ್ಯುಯಿನ್, ಝೈಲೀನ್ ಎರಡೂ ಐಐಎ (IIA) ಗುಂಪು, ಅದಕ್ಕಿಂತ ಬಿಗಿಯಾದ ಐಐಬಿ (IIB) ಮೋಟರ್ ಇದ್ದರೆ ಇನ್ನೂ ಒಳ್ಳೆಯದು. ಟಿ4 ಅಂತ ಇದ್ದರೆ ಹೊರಮೈ 135 ಡಿಗ್ರಿ ದಾಟುವುದಿಲ್ಲ ಅಂತ ಅರ್ಥ. ನಮ್ಮ ದೇಶದಲ್ಲಿ ಇಂಥ ಮೋಟರ್‌ಗೆ ಪೆಸೊ (ಸ್ಫೋಟಕ, ಪೆಟ್ರೋಲಿಯಂ ಸುರಕ್ಷತೆಯ ಕೇಂದ್ರ ಸರ್ಕಾರಿ ಸಂಸ್ಥೆ) ಅಪ್ರೂವಲ್ ಬೇಕು. ಅದರ ಮುಖ್ಯ ಕಚೇರಿ ನಾಗಪುರದಲ್ಲಿದೆ, ಹಳಬರು ಈಗಲೂ ಸಿಸಿಒಇ ಅಂತಲೇ ಕರೆಯುತ್ತಾರೆ. ಸ್ಪೀಡ್ ಬದಲಿಸಲು ಡ್ರೈವ್ ಹಾಕುವುದಾದರೆ ಡ್ರೈವ್ ಕೋಣೆಯ ಆಚೆ ಇರಬೇಕು, ಮೋಟರ್ ಸರ್ಟಿಫಿಕೇಟಿನಲ್ಲೂ ಡ್ರೈವ್ ಮೇಲೆ ಓಡಿಸಬಹುದು ಅಂತ ಇರಬೇಕು. ಸ್ಪೀಡ್ ಇಳಿಸಿದಾಗ ಮೋಟರಿನ ಹಿಂದಿನ ಫ್ಯಾನೂ ನಿಧಾನವಾಗಿ ಬಾಡಿ ಬಿಸಿಯೇರುತ್ತದೆ, ಅದಕ್ಕೆ. ಮೋಟರ್ ಒಂದು ಎಫ್‌ಎಲ್‌ಪಿ ತಂದು, ಸ್ವಿಚ್ಚು, ಟ್ಯೂಬ್‌ಲೈಟು, ಎಕ್ಸಾಸ್ಟ್ ಫ್ಯಾನು ಸಾಮಾನ್ಯದ್ದೇ ಬಿಟ್ಟರೆ ಏನೂ ಉಪಯೋಗವಿಲ್ಲ. ಖರ್ಚು ಬೆಳೆಯುವುದು ಹೀಗೆ.

ಇಷ್ಟೆಲ್ಲ ಹೇಳಿದರೂ, ಕೆಲಸದಲ್ಲಿ ಎಫ್‌ಎಲ್‌ಪಿ ಗಟ್ಟಿಗ. 200 ಲೀಟರ್ ಡ್ರಮ್ ಎಪಾಕ್ಸಿ ಪ್ರೈಮರನ್ನು ದಿನವಿಡೀ ಒಂದೇ ಸ್ಪೀಡಿನಲ್ಲಿ ತಿರುವುತ್ತದೆ. ಸದ್ದು ಕಡಿಮೆ, ಎಣ್ಣೆ ಮಂಜಿಲ್ಲ, ಬಿಲ್ ಹಗುರ. ತೂಕ ಮಾತ್ರ ಜಾಸ್ತಿ, ಒಂದು ಸ್ಟ್ಯಾಂಡ್ ಮೇಲೆ ಕೂರಿಸಿದರೆ ಅಲ್ಲೇ ಇರಬೇಕು.

ಶೇಕರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಚ್ಚಳ ಮುಚ್ಚಿಯೇ ಕಲಸುವುದರಿಂದ ಆವಿ ಹೊರಬರುವುದಿಲ್ಲ, ಅದು ದೊಡ್ಡ ಲಾಭ. ಆದರೆ ಸಾಮಾನ್ಯವಾಗಿ ಸಿಗುವ ಶೇಕರಿನ ಮೋಟರ್ ಎಫ್‌ಎಲ್‌ಪಿ ಅಲ್ಲ, ಅದನ್ನು ಕಲಸುವ ಕೋಣೆಯೊಳಗೆ ಇಡುವಂತಿಲ್ಲ. ಮುಚ್ಚಳ ಸರಿಯಾಗಿ ಕೂರದೆ ಬಿಚ್ಚಿಕೊಂಡರೆ ಮೆಷಿನ್ ತುಂಬಾ ಥಿನ್ನರ್. 1 ಲೀಟರ್, 4 ಲೀಟರ್ ಟಿನ್‌ಗೆ, ಬೇರೆ ಕೋಣೆಯಲ್ಲಿ, ಒಳ್ಳೆಯದು.

ಯಾವುದನ್ನೇ ಆರಿಸಿದರೂ ಅರ್ಥಿಂಗ್ ತಪ್ಪಿಸುವಂತಿಲ್ಲ. ದೆಂಕಣಿಕೋಟೆ ಕಡೆಯಿಂದ ಹೊಸದಾಗಿ ಕೆಲಸಕ್ಕೆ ಬಂದ ಹುಡುಗನೊಬ್ಬ ಕೇಳಿದ: "ಸಾರ್, ಗಾಳೀಲಿ ಓಡೋದಕ್ಕೆ ಅರ್ಥ್ ಯಾಕೆ?"

"ಮೋಟರಿಗೆ ಮಾತ್ರ ಅಲ್ಲಪ್ಪ, ಡಬ್ಬಕ್ಕೂ."

ಥಿನ್ನರ್ ಸುರಿಯುವಾಗ, ತಿರುವುವಾಗ ಸ್ಟ್ಯಾಟಿಕ್ ಕರೆಂಟ್ ಹುಟ್ಟುತ್ತದೆ. ಟಾಲ್ಯುಯಿನ್ ಅದನ್ನು ಬೇಗ ಬಿಟ್ಟುಕೊಡುವುದಿಲ್ಲ. ಅದರ ಆವಿ ಹತ್ತಲು 0.24 ಮಿಲಿಜೂಲ್ ಸಾಕು. ಚಳಿಗಾಲದಲ್ಲಿ ಸ್ವೆಟರ್ ಬಿಚ್ಚುವಾಗ ಚಟಚಟ ಅನ್ನುತ್ತದಲ್ವಾ, ಹಾಗೆ ಮನುಷ್ಯನ ಮೈಯಿಂದ ಹಾರುವ ಕಿಡಿಯಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಶಕ್ತಿ ಇರಬಹುದು. ಆದ್ದರಿಂದ ಡಬ್ಬ, ಸ್ಟ್ಯಾಂಡ್, ಸ್ಟಿರರ್ ಎಲ್ಲವನ್ನೂ ವೈರಿನಿಂದ ಸೇರಿಸಿ ಅರ್ಥ್‌ಗೆ ಕೊಡಬೇಕು. ಕ್ಲಾಂಪ್‌ಗೆ ಚೂಪು ಮೊನೆ ಇರಬೇಕು, ಡಬ್ಬದ ಮೇಲಿನ ಬಣ್ಣ ತೂರಿ ಲೋಹಕ್ಕೆ ತಾಗಬೇಕು. ನಮ್ಮಲ್ಲಿ ಒಣಗಿದ ಪೇಂಟ್ ಮೆತ್ತಿಕೊಂಡ ಕ್ಲಾಂಪ್‌ಗಳನ್ನು ವಾರಕ್ಕೊಮ್ಮೆ ಹೊರಗೆ ತಂದು ಕೆರೆದು ಸ್ವಚ್ಛ ಮಾಡುತ್ತೇವೆ. ಬೆಳಿಗ್ಗೆ ಎಲ್ಲ ಡಬ್ಬ ಮುಚ್ಚಿ, ಎಕ್ಸಾಸ್ಟ್ ಓಡಿಸಿ, ಕೋಣೆ ಖಾಲಿಯಿದ್ದಾಗಲೇ ಮೀಟರ್ ಇಟ್ಟು ನೋಡುತ್ತೇವೆ, 10 ಓಮ್ ಒಳಗೆ ಬರಬೇಕು. ಆವಿ ಇರುವಾಗ ಸಾಮಾನ್ಯ ಮಲ್ಟಿಮೀಟರನ್ನೂ ಒಳಗೆ ಒಯ್ಯಬಾರದು. ಮೊದಲು ಕ್ಲಾಂಪ್, ಆಮೇಲೆ ಮುಚ್ಚಳ ತೆಗೆಯುವುದು. ಮುಗಿದ ಮೇಲೆ ಮೊದಲು ಮುಚ್ಚಳ ಹಾಕಿ, ಆಮೇಲೆ ಕ್ಲಾಂಪ್ ಬಿಚ್ಚುವುದು. ಪ್ಲಾಸ್ಟಿಕ್ ಬಕೆಟ್‌ಗೆ ಥಿನ್ನರ್ ಸುರಿಯುವುದು ನಮ್ಮಲ್ಲಿ ಪೂರ್ತಿ ಬಂದ್.

ಕೊನೆಗೆ ಯಾವುದು? 20 ಲೀಟರ್ ಡಬ್ಬಗಳಲ್ಲಿ ಕೆಲಸ, ಕಂಪ್ರೆಸರ್ ಈಗಾಗಲೇ ಇದೆ, ಒಳ್ಳೆ ಎಲೆಕ್ಟ್ರಿಷಿಯನ್ ಯಾವಾಗಲೂ ಸಿಗುವುದಿಲ್ಲ ಅನ್ನುವ ಶೆಡ್‌ಗೆ ಗಾಳಿ ಮೋಟರ್. ಅದು ಕೆಟ್ಟರೆ ಸಾಮಾನ್ಯವಾಗಿ ನಿಂತುಹೋಗುತ್ತದೆ. ಎಫ್‌ಎಲ್‌ಪಿ ಕೆಟ್ಟರೂ ಓಡುತ್ತಲೇ ಇರುತ್ತದೆ. ನನಗೆ ಇವೆರಡರ ನಡುವೆ ಕಾಣುವ ದೊಡ್ಡ ವ್ಯತ್ಯಾಸ ಇದೇ. ಡ್ರಮ್‌ಗಟ್ಟಲೆ ಕಲಸುವವರು, ಬೋಲ್ಟ್ ಎಣಿಸಲು ಒಬ್ಬ ಮನುಷ್ಯನನ್ನು ಇಡಬಲ್ಲವರು ಎಫ್‌ಎಲ್‌ಪಿ ತಗೊಳ್ಳಲಿ. ನಮ್ಮಲ್ಲಿ ಪ್ರೈಮರ್ ಡ್ರಮ್‌ಗೆ ಅದು, ಮಿಕ್ಕ ಡಬ್ಬಗಳಿಗೆಲ್ಲ ಗಾಳಿ.

ಗುಜರಿಯಲ್ಲಿ ಎಫ್‌ಎಲ್‌ಪಿ ಮೋಟರ್ ಅರ್ಧ ಬೆಲೆಗೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಆ ಕಡೆ ಹೋಗಬೇಡಿ. ಹೊಸದು ಕೊಳ್ಳುವಾಗ ಸರ್ಟಿಫಿಕೇಟ್ ಕಾಪಿ ಕೇಳಿ ಇಸ್ಕೊಳ್ಳಿ, ಅದರಲ್ಲಿರುವ ಮಾಡೆಲ್ ನಂಬರ್ ಮತ್ತು ಮೋಟರ್ ಪ್ಲೇಟಿನ ನಂಬರ್ ಎರಡನ್ನೂ ಪಕ್ಕದಲ್ಲಿಟ್ಟು ಓದಿ. "ಮಾಡೆಲ್ ಅದೇ, ಪ್ಲೇಟ್ ಆಮೇಲೆ ಕಳಿಸ್ತೀವಿ" ಅಂದರೆ ಲೋಡ್ ಇಳಿಸಿಕೊಳ್ಳದೆ ವಾಪಸ್ ಕಳಿಸಿ.