ಮನೆಯಲ್ಲೇ ಬೀಡಿಯೋ, ಗಾರ್ಮೆಂಟ್ಸ್ ಕೆಲಸವೋ?

ಬೀಡಿಗೆ ಕೂಲಿ ಸಾವಿರದ ಲೆಕ್ಕದಲ್ಲಿ. ಎಲೆ ನೆನೆಸಿ, ಅಳತೆಗೆ ಕತ್ತರಿಸಿ, ಹೊಗೆಸೊಪ್ಪು ತುಂಬಿ ಸುತ್ತಿ, ನೂಲು ಕಟ್ಟಬೇಕು. ನಡುವೆ ಕುಕ್ಕರ್ ಕೂಗಿದರೆ ಎದ್ದು ಹೋಗಬಹುದು. ಅದೇ ಅನುಕೂಲ, ಅದೇ ತೊಂದರೆ. ಮನೆಗೆಲಸವೂ ಮುಗಿಯುವುದಿಲ್ಲ, ಸಾವಿರವೂ ತುಂಬುವುದಿಲ್ಲ. ಬೀಡಿ ಚೆನ್ನಾಗಿಲ್ಲ ಎಂದು ಒಂದಿಷ್ಟನ್ನು ತೆಗೆದಿಟ್ಟರೆ ಆ ಕೂಲಿಯೂ ಹೋಯಿತು. ಕೆಮ್ಮು, ಕತ್ತುನೋವು ಬೇರೆ.

ಗಾರ್ಮೆಂಟ್ಸ್‌ನಲ್ಲಿ ತಿಂಗಳ ಸಂಬಳ, ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಆರೋಗ್ಯ ವಿಮೆ). ಓವರ್‌ಟೈಮ್‌ಗೆ ದುಪ್ಪಟ್ಟು ಕೊಡಬೇಕೆಂದು ಕಾನೂನಿದೆ. ಸಂಬಳದ ಚೀಟಿ ನೋಡಿಕೊಳ್ಳಿ. ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್, ಸೂಪರ್‌ವೈಸರ್‌ನ ಬೈಗುಳ ಮಾತ್ರ ತಪ್ಪಿದ್ದಲ್ಲ. ಆದರೆ ಜೊತೆಗೆ ನಿಲ್ಲುವವರಿರುತ್ತಾರೆ: 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವುದಕ್ಕೆ ಮಿತಿ ಹಾಕಿದ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದಾಗ ಕೇಂದ್ರ ಸರ್ಕಾರವೇ ಹಿಂದೆ ಸರಿಯಿತು.

ಸಂಬಳವಿಲ್ಲದ ಪಾಳಿ ಎರಡು ಕಡೆಯೂ ಇದೆ. 2019ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಟ್ಟರೆ, ಗಂಡಸರು 97.

ಮಗು ಚಿಕ್ಕದಿದ್ದು, ಫ್ಯಾಕ್ಟರಿಯಲ್ಲಿ ಶಿಶುಪಾಲನಾ ಕೊಠಡಿ ಇಲ್ಲದಿದ್ದರೆ ಸದ್ಯಕ್ಕೆ ಬೀಡಿ. ಪಿಎಫ್ ಇರುವ ಕಡೆಯೇ ಹೆಸರು ಬರೆಸಿ. ಉಳಿದವರಿಗೆ ನನ್ನ ಮತ ಗಾರ್ಮೆಂಟ್ಸ್‌ಗೆ, ಬೆಳಗಿನ ಅಡುಗೆಗೆ ಗಂಡ ಕೈಹಾಕಲು ಒಪ್ಪಿದ ಮೇಲೆ.